ಮಕ್ಕಳ ನಿದ್ದೆ ಕಾಯುವ ತಂತಿ ಅತ್ತೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಆಕೆ ಪುಟ್ಟ ಹುಡುಗಿಯೊಬ್ಬಳ ಕೂದಲನ್ನು ಬಾಚಣಿಗೆಯ ತುದಿಯಿಂದ ಎಳೆ ಎಳೆಯಾಗಿ ಬಿಡಿಸಿ, ಗೋಂದಿನಂಥ ಮುಲಾಮು ಸವರಿ, ಒಂದೊಂದೇ ತಂತಿ ಅಂಟಿಸುತ್ತಿದ್ದಾರೆ. ಮಿದುಳಿನ ಅಲೆಗಳನ್ನು ಪರದೆಯ ಮೇಲೆ ಗೆರೆಗಳಾಗಿ ತೋರಿಸುವ ತಂತಿಗಳು ಅವು. ಮಕ್ಕಳ ಬಾಯಲ್ಲಿ ಆಕೆ ತಂತಿ ಅತ್ತೆ.

"ನಾನೀಗ ರೋಬೋಟಾ ಅತ್ತೆ?"

"ರೋಬೋಟ್ ತಲೇಲಿ ಹೇನಿರಲ್ಲ ಕಣೇ."

ಹುಡುಗಿ ಕಿಸಕ್ಕನೆ ನಗುತ್ತಾಳೆ. ಪಕ್ಕದಲ್ಲಿ ಕೂತ ತಾಯಿ ನಗುವುದಿಲ್ಲ.

ಮಗಳಿಗೆ ನಿದ್ದೆಯಲ್ಲಿ ಎರಡು ಸಲ ಬಾಯಿ ಸೊಟ್ಟಗಾಗಿ ಕೆನ್ನೆ ಅದುರಿದೆ. ಸೌಮ್ಯವಾದ ಮೂರ್ಛೆರೋಗವಿರಬಹುದು, ಬೆಳೆಯುತ್ತ ತಾನಾಗಿ ಹೋಗುವುದೂ ಉಂಟು ಎಂದಿದ್ದಾರೆ ಡಾಕ್ಟರು. ಔಷಧ ಕೊಟ್ಟರೆ ಮಗು ಮಂಕಾದೀತು, ಸಿಡುಕೀತು. ಕೊಡದಿದ್ದರೆ ಮತ್ತೆ ಬಂದೀತು. ನಿದ್ದೆಯಲ್ಲಿನ ಗೆರೆಗಳನ್ನು ನೋಡಿ ಇವತ್ತೇ ತೀರ್ಮಾನಿಸಬೇಕು. ಇಲ್ಲಿ ನಿದ್ದೆ ಬರಲೆಂದು ರಾತ್ರಿಯೆಲ್ಲ ಎಚ್ಚರವಾಗಿರಿಸಿ ಕರೆತರಬೇಕಿತ್ತು. ತಾಯಿ ಹಾಗೇ ಮಾಡಿದ್ದಾಳೆ. ಆದರೆ ಬಸ್ಸಿನಲ್ಲಿ ಕರುಳು ಚುರ್ ಎಂದು, ಮಡಿಲಲ್ಲಿ ಮಲಗಿಸಿಕೊಂಡುಬಿಟ್ಟಿದ್ದಾಳೆ. ಈಗ ಹುಡುಗಿಯ ಕಣ್ಣುಗಳು ಗೋಲಿಯ ಹಾಗೆ ಹೊಳೆಯುತ್ತಿವೆ.

"ಎಲ್ಲಾ ತಾಯಂದಿರೂ ಮಾಡೋ ತಪ್ಪೇ ಇದು. ಬೈಯೋಕೆ ಬಾಯಿ ಬರಲ್ಲ," ಎನ್ನುತ್ತಾರೆ ತಂತಿ ಅತ್ತೆ.

ಮೊದಲು ಅವರಿಗಿದ್ದದ್ದು ಕೂದಲು ಕತ್ತರಿಸುವ ಅಂಗಡಿಯ ಕೆಲಸ. ಅದು ಮುಚ್ಚಿದಾಗ ಆಸ್ಪತ್ರೆಗೆ ನೆಲ ಒರೆಸಲು ಬಂದರು. ಅಳುವ ಮಕ್ಕಳ ತಲೆ ಮುಟ್ಟುವ ಹದ ಕಂಡು ಇಲ್ಲಿಯವರೇ ಈ ಕೆಲಸ ಕಲಿಸಿದರು. ಈಗ ದಿನಕ್ಕೆ ಏಳೆಂಟು ತಲೆ. "ಊರ ಮಕ್ಕಳನ್ನೆಲ್ಲ ಮಲಗಿಸಿ ಬರ್ತಾಳೆ, ನಾನು ಮಲಗಿದ್ರೆ ಮಾತ್ರ ಗೊರಕೆ ಅಂತ ಎಬ್ಬಿಸ್ತಾಳೆ" ಎಂಬುದು ಗಂಡನ ದೂರು.

ಈ ಕೆಲಸದಲ್ಲಿ ಕಷ್ಟದ್ದು ಯಾವುದು ಎಂದು ಕೇಳಿದರೆ ಆಕೆ ತಂತಿಗಳತ್ತ ಕೈ ತೋರುವುದಿಲ್ಲ. "ಮುಖ. ಪರದೆ ನೋಡ್ತಾ ನಾನು ಹುಬ್ಬು ಎತ್ತಿದ್ರೂ ತಾಯಂದಿರು ಅದನ್ನೇ ತೀರ್ಪು ಅಂದ್ಕೋತಾರೆ. ಹೇಳೋದು ಡಾಕ್ಟ್ರ ಕೆಲಸ. ಅದಕ್ಕೇ ಮುಖಕ್ಕೆ ಬೀಗ."

ದೀಪ ಆರಿಸಿದರೂ ಹುಡುಗಿ ಮಲಗುವುದಿಲ್ಲ. ಅವಳು ಕಣ್ಣು ಮುಚ್ಚಿದಾಗಲೆಲ್ಲ ತಾಯಿ ಬಗ್ಗಿ ತುಟಿ ನೋಡುತ್ತಾಳೆ, ಕೆನ್ನೆ ಮುಟ್ಟುತ್ತಾಳೆ, ಮಗು ಎಚ್ಚರವಾಗುತ್ತದೆ.

"ಮನೇಲೂ ಹೀಗೇನಮ್ಮ?" ಎಂದು ಕೇಳುತ್ತಾರೆ ಅತ್ತೆ.

"ಮೊದಲನೇ ಸಲ ಆದಾಗಿಂದ ನಾನು ಮಲಗಿದ್ರೆ ತಾನೆ."

"ಚಪ್ಪಲಿ ಬಿಡಿ. ಇವಳ ಪಕ್ಕ ಮಲಗಿ. ನೋಡೋಕೆ ನಾನಿದೀನಿ."

ತಾಯಿಯ ಕಣ್ಣೇ ಮೊದಲು ಮುಚ್ಚುತ್ತದೆ. ಆ ಉಸಿರು ಕೇಳುತ್ತ ಕೇಳುತ್ತ ಮಗುವಿನದೂ. ಪರದೆಯ ಗೆರೆಗಳು ಬದಲಾಗುತ್ತವೆ. ನೋಡುವವರು ಯಾರೂ ಇಲ್ಲದಿದ್ದರೂ ಅತ್ತೆಯ ಹುಬ್ಬು ಮೇಲೇರುವುದಿಲ್ಲ.

ಮಧ್ಯಾಹ್ನ ಡಾಕ್ಟರ ಕೋಣೆಯಿಂದ ತಾಯಿ ನೇರ ಇಲ್ಲಿಗೇ ಬರುತ್ತಾಳೆ. "ಸದ್ಯಕ್ಕೆ ಔಷಧ ಬೇಡ, ಮತ್ತೆ ಬಂದ್ರೆ ಶುರು ಮಾಡೋಣ ಅಂತ ಆಯ್ತು. ನಾನು ಒಪ್ಪಿದ್ದು ಸರಿನಾ ಅಕ್ಕ?"

ಮುಖದ ಬೀಗ ತೆರೆಯುವುದಿಲ್ಲ. "ನೀವೂ ಡಾಕ್ಟ್ರೂ ಕೂತು ತೀರ್ಮಾನ ಮಾಡಿದ್ದನ್ನ ನನ್ನ ಕೇಳಬಾರದು," ಎನ್ನುತ್ತ ಹುಡುಗಿಯ ಕಿವಿಯ ಹಿಂದೆ ಉಳಿದ ಮುಲಾಮು ಒರೆಸುತ್ತಾರೆ. "ಇವತ್ತು ರಾತ್ರಿ ಕಾಯೋ ಪಾಳಿ ಮಾತ್ರ ಇವಳಪ್ಪಂಗೆ ಕೊಡಿ."

ಅವರು ಹೋದ ಮೇಲೆ ಬಾಚಣಿಗೆ ತೊಳೆಯುತ್ತ ತಂತಿ ಅತ್ತೆ ಹೇಳುತ್ತಾರೆ: "ಗೆರೆ ಓದೋರು ಬೇರೆ, ತೀರ್ಮಾನ ಮಾಡೋರು ಬೇರೆ. ಆ ತಾಯಿ ಮಗಳಿಬ್ಬರನ್ನೂ ಮಲಗಿಸಿದ್ದು ಮಾತ್ರ ನಾನೇ."