ಅಪ್ಪನ ಕಾರಿನ ಸೂಜಿ

ಕಡಲೆಬೀಜದ ಕೆಂಪು ಸಿಪ್ಪೆಯಷ್ಟೇ ತೆಳ್ಳಗಿತ್ತು ಆ ಚೂರು. ಎಣ್ಣೆ ಸೋರದಂತೆ ಇಂಜಿನ್ನಿನ ಭಾಗಗಳ ನಡುವೆ ಹಾಕುವ ಹಳೆಯ ಗ್ಯಾಸ್ಕೆಟ್ಟಿನದು, ಎಣ್ಣೆಯಲ್ಲಿ ಬೆಂದು ಕಪ್ಪಾಗಿ ಗಟ್ಟಿಯಾಗಿತ್ತು. ಉಗುರಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಕೈ ಒರೆಸಿಕೊಳ್ಳಲು ಬಟ್ಟೆ ತರುತ್ತೇನೆಂದು ಅಪ್ಪ ಆಗಷ್ಟೇ ಒಳಗೆ ಹೋಗಿದ್ದರು.

ಹೊಳೆನರಸೀಪುರದ ನಮ್ಮ ಮನೆಯ ಮುಂದಿರುವ ಅಂಬಾಸಿಡರ್ ಕಾರು ನನಗಿಂತ ಹಿರಿಯದು. ಅದನ್ನು ಬಿಚ್ಚಿ ಜೋಡಿಸುವುದನ್ನು ನನಗೆ ಕಲಿಸಿದವರು ಅಪ್ಪ. ನನಗೆ ಓಡಿಸಲು ಬರುತ್ತಿದ್ದರೂ ಸ್ಟೀರಿಂಗ್ ಮಾತ್ರ ಕೊಡುತ್ತಿರಲಿಲ್ಲ. ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. "ಇಂಜಿನ್ ಬಿಸಿಯಾದ್ರೆ ಆಯಿಲ್ ಪ್ರೆಶರ್ ತೋರ್ಸೋ ಸೂಜಿ ಬಿದ್ದೋಗ್ತೈತೆ, ಬಂದು ನೋಡವ್ವ" ಎಂದು ಅವರು ಫೋನಿನಲ್ಲಿ ಹೇಳಿದ್ದರಿಂದ, ಶನಿವಾರ ಬರುವಾಗ ಗ್ಯಾರೇಜೊಂದರಿಂದ ಒತ್ತಡ ಅಳೆಯುವ ಮೀಟರ್ ಕೇಳಿ ತಂದಿದ್ದೆ. ಮಾರನೆಯ ದಿನ ಅಪ್ಪ ಚನ್ನರಾಯಪಟ್ಟಣಕ್ಕೆ ಹೋಗಿ, ನಮ್ಮ ಅತ್ತೆಯನ್ನು, ಅಂದರೆ ತಮ್ಮ ಅಕ್ಕನನ್ನು, ಕೂರಿಸಿಕೊಂಡು ಜಿನನಾಥಪುರದ ನೆಂಟರ ಮನೆಗೆ ಹೋಗುವುದಿತ್ತು.

ಅಮ್ಮನಿಗೆ ಬೇಕಾಗಿದ್ದುದು ಬೇರೆ. ನಾನು ಚೀಲ ಇಳಿಸುವಷ್ಟರಲ್ಲಿ ಅಡುಗೆಮನೆಗೆ ಕರೆದಿದ್ದಳು.

"ಅರಕಲಗೂಡು ರೋಡಲ್ಲಿ, ಗಾಡಿ ತುಳುದು ಕಾಳು ಉದುರ್ಲಿ ಅಂತ ಹುರುಳಿ ಅರಡಿದ್ರು. ಪಕ್ಕದಲ್ಲೊಬ್ಳು ಎಂಗ್ಸು ಪೊರಕೆ ಇಡ್ಕೊಂಡು ಗುಡಿಸ್ತಿದ್ಲು. ಇವ್ರು ಬ್ರೇಕೂ ಒತ್ನಿಲ್ಲ, ಆರ್ನೂ ಒಡೀನಿಲ್ಲ. ಅವ್ಳು ಚರಂಡಿಗೆ ನೆಗುದ್ಲು. ನಿಮ್ಮಪ್ಪ ಏನಂದ್ರು ಗೊತ್ತಾ? 'ಈ ಸಲ ಹುರುಳಿ ಚೆಂದಾಗಿ ಬಂದೈತೆ ಕಣೆ' ಅಂದ್ರು."

ಅಪ್ಪನಿಗೆ ಪಕ್ಕದ ನೋಟ ಹೋಗಿದೆ, ಮರಳಿ ಬರುವುದಿಲ್ಲ, ಗಾಡಿ ಓಡಿಸಬಾರದು ಎಂದು ಹಾಸನದ ಕಣ್ಣಿನ ವೈದ್ಯರು ಮಳೆಗಾಲದಲ್ಲೇ ಹೇಳಿದ್ದರು. ಎದುರಿಗಿರುವುದು ಸರಿಯಾಗಿಯೇ ಕಾಣುತ್ತಿದ್ದುದರಿಂದ ಅಪ್ಪ ನಂಬಲಿಲ್ಲ. "ಸೂಜಿ ಇಷ್ಟು ಅಲ್ಲಾಡುದ್ರೂ ಕಾಣ್ತೈತೆ ನಂಗೆ, ಕಣ್ಣಿಗೇನಾಗೈತೆ?" ಎನ್ನುತ್ತಿದ್ದರು.

"ನೀನು ಏಳುದ್ರೆ ನಂಬ್ತಾರೆ. ಇಂಜಿನ್ ಓಯ್ತು ಅಂದ್ಬುಡು" ಎಂದಳು ಅಮ್ಮ.

ನಾನು ಮೀಟರ್ ಎತ್ತಿಕೊಂಡು ಕಾರಿನ ಬಳಿಗೆ ಹೋದೆ.

ಎಣ್ಣೆಯ ಮಟ್ಟ ನೋಡಿದೆ; ಸರಿಯಿತ್ತು. ಅದನ್ನು ತೆಳುವಾಗಿಸುವ ಪೆಟ್ರೋಲಿನ ವಾಸನೆಯೂ ಅದರಲ್ಲಿರಲಿಲ್ಲ. ಸೂಜಿಯೇ ತಪ್ಪು ತೋರಿಸುತ್ತಿರಬಹುದೆಂದು, ತಂದಿದ್ದ ಮೀಟರನ್ನು ನೇರವಾಗಿ ಇಂಜಿನ್ನಿಗೇ ಜೋಡಿಸಿದೆ. ಅದೂ ಅಷ್ಟನ್ನೇ ತೋರಿಸಿತು. ಒತ್ತಡ ನಿಜಕ್ಕೂ ಕಡಿಮೆಯಿತ್ತು. ಹಾಗಾದರೆ ಒಂದೋ ಬೇರಿಂಗುಗಳು ಸವೆದಿರಬೇಕು, ಇಲ್ಲವೇ ಹೆಚ್ಚಾದ ಎಣ್ಣೆಯನ್ನು ಹಿಂದಕ್ಕೆ ಬಿಡುವ ಪುಟ್ಟ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಉಳಿಯುತ್ತಿರಬೇಕು. ಬೇರಿಂಗ್ ಆದರೆ ಇಂಜಿನ್ ಕೆಳಗಿಳಿಸಬೇಕು. ವಾಲ್ವು ಆದರೆ ಒಂದು ನಟ್ಟು ಬಿಚ್ಚಿದರೆ ಸಾಕು. ಬಿಚ್ಚಿದೆ. ವಾಲ್ವು ಕೂರುವ ಜಾಗದಲ್ಲೇ ಆ ಚೂರು ಅಂಟಿಕೊಂಡು ಅದನ್ನು ಮುಚ್ಚಲು ಬಿಡುತ್ತಿರಲಿಲ್ಲ.

ಅಪ್ಪನ ಚಪ್ಪಲಿಯ ಸದ್ದು ಕೇಳಿಸಿತು. ಚೂರನ್ನು ಇದ್ದಲ್ಲಿಗೇ ಅಂಟಿಸಿ, ವಾಲ್ವು, ಸ್ಪ್ರಿಂಗು ಕೂರಿಸಿ ನಟ್ಟು ಬಿಗಿದೆ. ಎಲ್ಲವೂ ಸಲೀಸಾಗಿ ಮುಗಿಯಿತು. ಆಮೇಲೆ ನಾನು ಹೆಚ್ಚು ಯೋಚಿಸಿದ್ದು ಅದನ್ನೇ.

ಅಪ್ಪ ಬಂದ ಮೇಲೆ ಇಂಜಿನ್ ಚಾಲೂ ಮಾಡಿದೆ; ಅದು ಬಿಸಿಯಾಗುತ್ತಿದ್ದಂತೆ ಸೂಜಿ ಮತ್ತೆ ಬಿತ್ತು.

"ಬೇರಿಂಗ್ ಸವೆದಿದೆ ಅಪ್ಪಾ. ಹಿಂಗೇ ಓಡ್ಸಿದ್ರೆ ಇಂಜಿನ್ ಸೀಜ್ ಆಗಿ ನಿಂತೇ ಹೋಗುತ್ತೆ."

ಅವರು ಬಾಗಿ ಇಂಜಿನ್ನಿಗೆ ಕಿವಿಗೊಟ್ಟರು. "ತಳದಲ್ಲಿ ಕುಟ್ಟೋ ಸದ್ದೇ ಇಲ್ವಲ್ಲವ್ವ?"

"ಇನ್ನೂ ಅಷ್ಟು ಸವೆದಿಲ್ಲ."

ವಾದಿಸುತ್ತಾರೆ ಎಂದುಕೊಂಡಿದ್ದೆ. ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಜಗಲಿಯ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದರು.

"ನಾಳೆ ಬರಕ್ಕಾಗಲ್ಲ ಕಣಕ್ಕ. ಇಂಜಿನ್ ಓಗೈತೆ... ಮೆಕ್ಯಾನಿಕ್ ಯಾಕೆ, ನನ್ ಮಗ್ಳೇ ನೋಡುದ್ಲು. ಅವ್ಳು ನೋಡುದ್ಮೇಲೆ ಮುಗೀತು... ಊಂ, ನಾನೇ ಕೆಡುಸ್ದೆ. ಓದ್ಸಲ ಎಣ್ಣೆ ಬದ್ಲಾಯ್ಸೋದು ತಡ ಮಾಡ್ಬುಟ್ಟೆ."

ಅತ್ತೆ ಏನೋ ಕಿಚಾಯಿಸಿರಬೇಕು. "ಊಂ ಕಣಕ್ಕ, ಅದ್ಕೂ ವಯಸ್ಸಾಯ್ತು, ನಂಗೂ ಆಯ್ತು" ಎಂದು ನಕ್ಕರು.

ಸುಳ್ಳು ಹೇಳುವುದಕ್ಕೆ ನಾನು ಸಿದ್ಧಳಾಗಿದ್ದೆ. ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆಂದು ಎಣಿಸಿರಲಿಲ್ಲ. ಊಟಕ್ಕೆ ಕೂತಾಗ ಅಮ್ಮ ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಅಪ್ಪ ಅರ್ಧಕ್ಕೇ ಎದ್ದರು. ಕಿಟಕಿಯಿಂದ ನೋಡಿದರೆ, ಇನ್ನು ಓಡದ ಕಾರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ಬೆಳಿಗ್ಗೆ ಅವರು ಏಳುವ ಮುನ್ನ ನಟ್ಟು ಬಿಚ್ಚಿ ಚೂರನ್ನು ತೆಗೆದು, ಮತ್ತೆ ಬಿಗಿದು ಇಂಜಿನ್ ಚಾಲೂ ಮಾಡಿದೆ. ಇಂಜಿನ್ನಿನ ಸದ್ದಿಗೆ ಅಪ್ಪ ಬನಿಯನ್ನಿನಲ್ಲೇ ಹೊರಗೆ ಬಂದರು. ಇಂಜಿನ್ ಬಿಸಿಯಾದರೂ ಸೂಜಿ ಬೀಳಲಿಲ್ಲ. ಚೂರಿದ್ದ ಅಂಗೈಯನ್ನು ಅವರ ಮುಖದ ನೇರಕ್ಕೆ ಹಿಡಿದೆ.

"ಇದು ನಿನ್ನೆನೇ ಸಿಕ್ಕಿತ್ತು ಅಪ್ಪಾ. ನಾನೇ ಮತ್ತೆ ಅಲ್ಲಿಟ್ಟೆ. ನಿಮ್ಮ ತಪ್ಪೇನೂ ಇಲ್ಲ."

ಅವರು ಚೂರನ್ನು ನೋಡಿದರು, ಆಮೇಲೆ ನನ್ನನ್ನು. "ಯಾಕವ್ವ?"

"ಅರಕಲಗೂಡು ರೋಡಲ್ಲಿ ಹುರುಳಿ ಗುಡಿಸ್ತಿದ್ದ ಹೆಂಗಸು. ಚರಂಡಿಗೆ ಹಾರಿದ್ಲಲ್ಲ."

"ಯಾವ ಎಂಗ್ಸು?"

ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದಳು.

ಅಪ್ಪ ಬರಿದಾದ ಬಾಗಿಲಿನ ಕಡೆಗೆ ಪೂರ್ತಿ ತಿರುಗಿ ನೋಡಿದರು. ಆಮೇಲೆ, "ಅಕ್ಕಂಗೆ ಫೋನ್ ಮಾಡು. ಬತ್ತೀವಿ ಅನ್ನು" ಎಂದರು. ಅಂಗಿ ತೊಟ್ಟು ಬಂದು ಎಂದಿನಂತೆ ಸ್ಟೀರಿಂಗ್ ಇರುವ ಬಲಗಡೆಯ ಬಾಗಿಲಿಗೆ ನಡೆದರು. ಅಲ್ಲಿ ನಾನು ಕುಳಿತಿದ್ದೆ. ಇಳಿಯಲಿಲ್ಲ. ಕೈಚಾಚಿ ಎಡಗಡೆಯ ಬಾಗಿಲು ತೆರೆದೆ. ಅವರು ಕಾರನ್ನು ಬಳಸಿಕೊಂಡು ಆ ಕಡೆಗೆ ಬರುವವರೆಗೂ ಸೂಜಿಯನ್ನೇ ನೋಡುತ್ತ ಕುಳಿತೆ.