ನೋವು ಕೇಳಿದಷ್ಟು ಮದ್ದು

ಉತ್ತರ ಬೆಂಗಳೂರಿನಲ್ಲಿ ರೋಗ ವಾಸಿಮಾಡುವ ವೈದ್ಯರಿಗೆ ಬರವಿಲ್ಲ. ವಾಸಿಯಾಗದು ಎಂದು ಗೊತ್ತಾದ ಮೇಲೂ ರೋಗಿಯ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂರುವವರು ಮಾತ್ರ ವಿರಳ. ಆ ವಿರಳರಲ್ಲಿ ಮೊದಲು ನೆನಪಾಗುವ ಹೆಸರು, ಇಲ್ಲಿನ ಸಿಂಗಾಪುರ ಬಡಾವಣೆಯ ನಮ್ಮ ಉಪಶಮನ ಆರೈಕೆ ಕೇಂದ್ರದಿಂದ ಇಪ್ಪತ್ತೆರಡು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ಡಾ. ತಸ್ನೀಮ್ ಅವರದು. ಅವರ ಗುಣಗಾನಕ್ಕೆ ನನ್ನನ್ನು ಆರಿಸಿದ್ದು ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರ ಔದಾರ್ಯ. ನಾನು ಅವರ ಅತ್ಯಂತ ಪುಕ್ಕಲು ಶಿಷ್ಯ.

ನಾನು ಕಿರಿಯ ವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮತ್ತಿಕೆರೆಯ ಬಾಡಿಗೆ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದಾಗ, ಡಬ್ಬಿಯಲ್ಲಿ ಗಂಜಿಯನ್ನೂ ಕಂಕುಳಲ್ಲಿ ಓದಲು ಮೂರು ಕೇಸ್ ಫೈಲುಗಳನ್ನೂ ತಂದ ಕರುಣಾಮಯಿ ಅವರು.

ಆ ವರ್ಷವೇ ತಣಿಸಂದ್ರದ ಮುನಿಶಾಮಿಯವರು ನಮ್ಮಲ್ಲಿಗೆ ಬಂದರು. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನೋವಿಗೆ ಅವರು ಕೂಗಿದರೆ ಗೇಟಿನವರೆಗೂ ಕೇಳುತ್ತಿತ್ತು. ಮೇಡಂ ಮಾರ್ಫಿನ್ ಸಿರಪ್ಪನ್ನು ಹೆಚ್ಚಿಸಲು ನಿರ್ಧರಿಸಿ, ಮೊದಲು ಅವರನ್ನೂ ಪತ್ನಿ ಸೊಣ್ಣಮ್ಮನವರನ್ನೂ ಕೂರಿಸಿಕೊಂಡು ಮಾತಾಡಿದರು.

"ನೋವು ಇಳಿಯುತ್ತೆ. ಆದ್ರೆ ಸುಳ್ಳು ಹೇಳಲ್ಲ ಯಜಮಾನ್ರೇ, ದೇಹ ಸೋತಿದೆ. ಉಸಿರು ನಿಧಾನ ಆಗ್ಬಹುದು, ದಿನ ಒಂದೆರಡು ಕಮ್ಮಿ ಆದ್ರೂ ಆಗ್ಬಹುದು. ನಾನು ಕೊಡೋದು ನೋವಿಗೆ ಮಾತ್ರ."

"ಇರೋ ದಿನ ಇರೋ ಅಂಗೆ ಮಾಡಿ ತಾಯಿ," ಎಂದರು ಮುನಿಶಾಮಿ. ಸೊಣ್ಣಮ್ಮ ತಲೆಯಾಡಿಸಿದರು.

ಒಪ್ಪಬೇಕಾದವರೆಲ್ಲ ಒಪ್ಪಿದರು, ಒಪ್ಪದೆ ಉಳಿದವನು ನಾನೊಬ್ಬನೇ. ನನ್ನ ಕೈಯಿಂದ ಒಂದು ಸಾವಾದೀತೆಂದು ಹೆದರಿ, ಎರಡು ದಿನ ಅರ್ಧ ಡೋಸನ್ನೇ ಕೊಟ್ಟು, ಚಾರ್ಟಿನಲ್ಲಿ ಪೂರ್ತಿ ಎಂದು ಬರೆದೆ. ಮೂರನೆಯ ದಿನ ಬೆಳಗ್ಗೆ ಮೇಡಂ ರೌಂಡ್ಸಿಗೆ ಬಂದಾಗ ಮುನಿಶಾಮಿ ಅಳತೆಯ ಲೋಟವನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದರು.

"ನಲವತ್ತು ವರ್ಸ ಡೈರಿಗೆ ಆಲು ಅಳ್ದವ್ನು ನಾನು. ಡಾಕ್ಟ್ರಪ್ಪಾ, ನೀನು ಉಳಿಸ್ತಿರೋದು ನನ್ನನ್ನೋ, ನಿನ್ನನ್ನೋ?"

ಮೇಡಂ ನನ್ನನ್ನು ಹೊರಗೆ ಕರೆದು, "ಡೋಸು ಅವರ ನೋವು ಕೇಳಿದಷ್ಟು ಜಗನ್, ನಿನ್ನ ಭಯ ಕೇಳಿದಷ್ಟಲ್ಲ. ಹೋಗಿ ಕ್ಷಮೆ ಕೇಳು. ಚಾರ್ಟು ತಿದ್ದು. ಎರಡು ದಿನ ಅವರು ಕೂಗಿದ್ದನ್ನೂ ಬರಿ," ಎಂದರು. ಬರೆದೆ. ಆ ಸಾಲು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಪೂರ್ತಿ ಡೋಸು ಒಳಗೆ ಹೋದ ಆ ಮಧ್ಯಾಹ್ನ ಮುನಿಶಾಮಿ ವಾರಗಳ ನಂತರ ಮೊದಲ ಸಲ ಗಾಢವಾಗಿ ನಿದ್ದೆಹೋದರು. ಕೂಗು ನಿಂತದ್ದೇ ತಡ, ಕಥೆ ಮುಗಿಯಿತೆಂಬ ಸುದ್ದಿ ಹಬ್ಬಿ ತಣಿಸಂದ್ರದಿಂದ ಟೆಂಪೊ ತುಂಬ ಬಂಧುಗಳಿಳಿದು, ಸಾಲಾಗಿ ನಿಂತು ಬಾಯಿಗೆ ತುಳಸಿ ನೀರು ಬಿಡತೊಡಗಿದರು. ಮೂರನೆಯ ಚಮಚಕ್ಕೆ ನೆತ್ತಿಗೇರಿತು. ಡಾ. ತಸ್ನೀಮ್ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಮ್ಮ ಮಾರ್ಫಿನ್ನಿಂದ ಏನೂ ಆಗಿಲ್ಲ ಕಣ್ರೀ, ನಿಮ್ಮ ಪ್ರೀತಿಯಿಂದ ಹೋಗ್ಬಿಡ್ತಾರೆ!"

ಆದರೆ ಶಾಸ್ತ್ರವನ್ನು ನಿಲ್ಲಿಸಲಿಲ್ಲ. ಒಬ್ಬೊಬ್ಬರಿಗೂ ಅದೇ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಕೊಟ್ಟು, ತುಟಿಗೆ ಮುಟ್ಟಿಸಲು ಹೇಳಿದರು. ಒಂಬತ್ತನೆಯ ಹತ್ತಿಗೆ ಮುನಿಶಾಮಿ ಕಣ್ಣು ಬಿಟ್ಟರು.

"ಏನ್ರಲಾ ಇದು? ನೆಟ್ಟಗಿದ್ದಾಗ ಒಬ್ರೂ ಒಂದ್ ಲೋಟ ನೀರ್ ಕೊಡ್ಲಿಲ್ಲ!"

ಅಲ್ಲಿಂದ ಹನ್ನೊಂದು ದಿನ ಅವರು ನಮ್ಮೆಲ್ಲರನ್ನೂ ಗದರಿಸಿಕೊಂಡು ಬದುಕಿದರು. ಹನ್ನೊಂದು ಹನ್ನೆರಡಾಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಮೇಡಂ ಕೂಡ ಎಂದೂ ಹೇಳಿದವರಲ್ಲ. "ಕೊನೇಗೆ ಕೂಗ್ನಿಲ್ಲ ಕಣಮ್ಮ, ನನ್ ಕೈ ಇಡ್ಕಂಡಿದ್ರು," ಎಂದು ಸೊಣ್ಣಮ್ಮ ಮೇಡಂ ಭುಜಕ್ಕೆ ಒರಗಿ ಅತ್ತರು.

ಕಳೆದ ವಾರ ಮೇಜು ಖಾಲಿ ಮಾಡುತ್ತಾ ಮೇಡಂ ಒಂದು ಅಳತೆಯ ಲೋಟವನ್ನು ನನ್ನ ಕೈಗಿಟ್ಟರು. "ನನ್ನ ಸರದಿಗೆ ನೀನೇ ಇರ್ಬೇಕು. ಅರ್ಧ ಕೊಟ್ಟೆ ಅಂದ್ರೆ ಎದ್ದು ಕೂತು ಬೈತೀನಿ."

ಮಾತು ಕೊಟ್ಟಿದ್ದೇನೆ. ಪೂಜ್ಯರು ನೂರ್ಕಾಲ ಬಾಳಲಿ, ಕಿರಿಯ ವೈದ್ಯರಿಗೆ ನಡೆಸುವ ಬುಧವಾರದ ಪಾಠಕ್ಕೆ ತಪ್ಪದೆ ಬಂದು ಹೊಸ ಪುಕ್ಕಲರನ್ನು ತಿದ್ದುತ್ತಿರಲಿ. ಆ ಮಾತು ನಡೆಸಬೇಕಾದ ದಿನ ತೀರಾ ತಡವಾಗಿ ಬರಲಿ. ಬಂದಾಗ, ಮೇಡಂ, ಲೋಟ ನಿಮ್ಮ ನೋವು ಕೇಳಿದ ಗೆರೆಯವರೆಗೂ ತುಂಬಿರುತ್ತದೆ.