ಸೈನ್ಯ ಬಿಟ್ಟು ಲಿಫ್ಟಿಗೆ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸೈನ್ಯದಿಂದ ನಿವೃತ್ತನಾಗಿ ಕಮಲಾಪುರಕ್ಕೆ ಮರಳಿದೆ. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ. ಸೈನ್ಯದಲ್ಲಿ ನಾನು ಡ್ರೈವರ್. ಲಡಾಖಿನ ಘಾಟುಗಳಲ್ಲಿ ರೇಷನ್ ಲಾರಿ ಓಡಿಸಿದವನು. ಊರಲ್ಲೂ ಗಾಡಿಯದೇ ಕೆಲಸ ಸಿಗುತ್ತದೆಂದು ನಂಬಿದ್ದೆ. ಸಿಕ್ಕಿದ್ದು ಕಲಬುರಗಿಯ ಸ್ಟೇಶನ್ ಬಜಾರಿನ ಹತ್ತಿರ ಒಂದು ಖಾಸಗಿ ಆಸ್ಪತ್ರೆಯ ಲಿಫ್ಟ್.

"ಸದ್ಯಕ್ಕ ಇದು ಮಾಡ್ರಿ. ಆಂಬುಲೆನ್ಸ್ ಓಡಸೋರು ಮುದುಕ ಆಗ್ಯಾರ. ಅವರು ಬಿಟ್ಟ ಮ್ಯಾಲ ಅದು ನಿಮಗೇ," ಎಂದಿದ್ದರು ಮ್ಯಾನೇಜರು.

ಬೆಳಿಗ್ಗೆ ಕಮಲಾಪುರದಲ್ಲಿ ಬಸ್ಸು ಹತ್ತಿ ಡ್ರೈವರನ ಹಿಂದೆಯೇ ನಿಲ್ಲುತ್ತಿದ್ದೆ. ಮಹಾಗಾಂವದ ತಿರುವಿನಲ್ಲಿ ಎತ್ತಿನ ಗಾಡಿ ಅಡ್ಡ ಬಂದರೆ ನನ್ನ ಬಲಗಾಲು ತಾನಾಗಿ ಇಲ್ಲದ ಬ್ರೇಕು ಒತ್ತುತ್ತಿತ್ತು. ಆಮೇಲೆ ಇಡೀ ದಿನ ಕಬ್ಬಿಣದ ಡಬ್ಬಿಯೊಳಗೆ ಒಂದು ಸ್ಟೂಲು. ಜಾಲರಿ ಗೇಟು ಎಳೆಯುವುದು, ಗುಂಡಿ ಒತ್ತುವುದು. ಡೆಟ್ಟಾಲಿನ ವಾಸನೆ ಅನ್ನಕ್ಕೂ ಹತ್ತಿಕೊಂಡಂತೆ ಅನಿಸುತ್ತಿತ್ತು. ಹತ್ತಿದವರೆಲ್ಲ ಮಹಡಿಯ ನಂಬರು ಹೇಳಿ ಗೋಡೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಒಬ್ಬ ಮುದುಕಿ ಬುರ್ಖಾ ಸರಿಮಾಡಿಕೊಳ್ಳುತ್ತ ಒಳಗೆ ಬಂದಳು. ಅವಳ ಸೊಸೆ ಮೇಲಿನ ಮಹಡಿಯ ಹೆರಿಗೆ ವಾರ್ಡಿನಲ್ಲಿದ್ದಳು. ಲಿಫ್ಟ್ ಎರಡು ಮಹಡಿಗಳ ನಡುವೆ ಇದ್ದಾಗ ಕರೆಂಟ್ ಹೋಯಿತು. ಜಾಲರಿಯಾಚೆ ಬರೀ ಇಟ್ಟಿಗೆ ಗೋಡೆ.

"ಯಾ ಅಲ್ಲಾ! ಬಾಗಿಲಾ ತೆಗಿ ಬೇಟಾ, ಉಸುರು ಕಟ್ಟಾಕತ್ತದ," ಎಂದು ಗೇಟು ಬಡಿಯತೊಡಗಿದಳು.

"ಹೆದರಬ್ಯಾಡ್ರಿ ಅಮ್ಮಾ. ಜನರೇಟರ್ ಚಾಲೂ ಮಾಡ್ತಾರ. ಇಲ್ಲಿ ಕುಂದರ್ರಿ."

ಸ್ಟೂಲಿನ ಮೇಲೆ ಕೂರಿಸಿದೆ. ಏನಾದರೂ ಮಾತಾಡಬೇಕೆಂದು, ಹಿಮ ಬಿದ್ದು ದಾರಿ ಮುಚ್ಚಿ ನಾವು ಲಾರಿಯೊಳಗೇ ಸಿಕ್ಕಿಕೊಂಡ ಕಥೆ ಹೇಳಿದೆ. ಸ್ಟೋವಿನ ಮೇಲೆ ಹಿಮ ಕರಗಿಸಿ ಚಹಾ ಮಾಡಿದ್ದು, ಜೊತೆಗಿದ್ದ ಪಂಜಾಬಿ ರಾಗ ತಪ್ಪಿ ಹಾಡಿದ್ದು. ಅವಳ ಉಸಿರು ನಿಧಾನವಾಯಿತು.

"ಅಂಥಾ ಕಡಿ ಇದ್ದು ಬಂದಿ. ಇದರಾಗ ಹ್ಯಾಂಗ ಕುಂದರತಿ ಬೇಟಾ?"

ಆ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೆಂಡತಿ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕರೆಂಟ್ ಇಲ್ಲದ ಗುಂಡಿಯನ್ನೇ ಮತ್ತೆ ಮತ್ತೆ ಒತ್ತಿದೆ. ಕತ್ತಲಿದ್ದದ್ದು ಒಳ್ಳೆಯದಾಯಿತು. ಲಿಫ್ಟ್ ಜಗ್ಗಿ ಮೇಲೇರಿದಾಗ ಅವಳು ನನ್ನ ತಲೆ ಮುಟ್ಟಿ ವಾರ್ಡಿನ ಕಡೆ ಓಡಿದಳು.

ಸ್ವಲ್ಪ ದಿನಕ್ಕೆ ಆಂಬುಲೆನ್ಸಿನ ಮುದುಕ ಕೆಲಸ ಬಿಟ್ಟ. ಬೂಟು ಪಾಲಿಶ್ ಮಾಡಿಕೊಂಡು ಮ್ಯಾನೇಜರ ಮುಂದೆ ನಿಂತೆ. ಅವರು ನಕ್ಕರು.

"ಕರೆಂಟ್ ಹೋದಾಗ ಆ ಅಮ್ಮನ್ನ ಎಷ್ಟು ಛಲೋ ಸಂಭಾಳಿಸಿದ್ರಿ ಅಂತ ಅವರೇ ಬಂದು ಹೇಳಿದ್ರು! ಡ್ರೈವರ್ ಯಾರರೆ ಸಿಗ್ತಾರ. ಲಿಫ್ಟಿಗೆ ನಿಮ್ಮಂಥ ಮಿಲಿಟರಿ ಮನಷ್ಯಾನೇ ಬೇಕ್ರಿ."

ಮೇಲಧಿಕಾರಿಯ ಮಾತಿಗೆ ಎದುರಾಡದ ಅಭ್ಯಾಸ ನನ್ನ ಮೈಗೆ ಹತ್ತಿತ್ತು. ಕಾಲು ಜೋಡಿಸಿ, "ಹೂಂ ಸಾಬ್," ಎಂದುಬಿಟ್ಟೆ.

ಸಂಜೆ ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ಏನಂದ್ರು ಸಾಹೇಬ್ರು?"

"ನಾ ಇಲ್ದಿದ್ರ ನಡಿಯೂದಿಲ್ಲ ಅಂದ್ರು."

ಅವಳು ಖುಷಿಯಿಂದ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಕೆಲಸ ಗಟ್ಟಿಯಾಯಿತು, ಮಗಳ ಶಾಲೆಯ ಫೀಜಿನ ಚಿಂತೆ ತಪ್ಪಿತು ಎಂದಳು. ನಾನು ಡೆಟ್ಟಾಲ್ ವಾಸನೆಯ ಕೈಯಲ್ಲೇ ರೊಟ್ಟಿ ಮುರಿದು ಉಂಡೆ.